ಘಾತ ತಪ್ಪಿದರೆ ತೊಗರಿಯೂ ಅಗ್ಗ

ಕಲಬುರಗಿಯ ಅಪ್ಪನ ಕೆರೆಯ ದಂಡೆಯಲ್ಲಿ ಸುಸಲಾ, ಮಿರ್ಚಿ ಮುಂದಿಟ್ಟುಕೊಂಡು ಕುಳಿತಿದ್ದ ನಮ್ಮ ಬಳಗದಲ್ಲಿ, ಬೆಳಕು ಒಂದು ವರ್ಷಕ್ಕೆ ಎಷ್ಟು ದೂರ ಸಾಗುತ್ತದೆಂಬ ಪ್ರಶ್ನೆ ಎದ್ದದ್ದೇ ತಡ, ಬ್ಯಾಂಕಿನ ಗೆಳೆಯರು ಮಿರ್ಚಿ ಕಟ್ಟಿದ್ದ ಕಾಗದದ ಮೇಲೆ ಲೆಕ್ಕ ಹಾಕಿ, "9.45×10⁵⁶ ಮೀಟರ್" ಎಂದು ಘೋಷಿಸಿದರು. ಸೆಕೆಂಡಿಗೆ 3×10⁸ ಮೀಟರ್ ವೇಗವನ್ನು ವರ್ಷದ ಸುಮಾರು 3.15×10⁷ ಸೆಕೆಂಡುಗಳಿಂದ ಗುಣಿಸುವಾಗ, 3ನ್ನು 3.15ರಿಂದ ಗುಣಿಸಿದ ಹುಮ್ಮಸ್ಸಿನಲ್ಲೇ ಅವರು ಹತ್ತರ ತಲೆಯ ಮೇಲಿನ ಘಾತಗಳಾದ 8 ಮತ್ತು 7ನ್ನೂ ಗುಣಿಸಿಬಿಟ್ಟಿದ್ದರು.

"ನಮಗೆ ಕಾಣಬಹುದಾದ ವಿಶ್ವದ ಅಡ್ಡಳತೆಯೇ ಸುಮಾರು 8.8×10²⁶ ಮೀಟರ್. ಅದನ್ನೂ ದಾಟಿ ನಿಮ್ಮ ಬೆಳಕು ಎತ್ತ ಹೊರಟಿದೆ?" ಎಂದರು ನಿವೃತ್ತ ಗಣಿತದ ಮಾಸ್ತರರು. "10⁸ ಎಂದರೆ ಎಂಟು ಹತ್ತುಗಳ ಗುಣಲಬ್ಧ, 10⁷ ಎಂದರೆ ಏಳರದು, ಎರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಹದಿನೈದು ಹತ್ತುಗಳಾಗುತ್ತವೆ, ಐವತ್ತಾರು ಎಲ್ಲಿಂದ ಬಂದಾವು? ಉತ್ತರ 9.45×10¹⁵ ಮೀಟರ್."

ಸೂರ್ಯನ ಬೆಳಕು ನಮ್ಮನ್ನು ತಲುಪಲು ಬೇಕಾಗುವ ಸುಮಾರು 5×10² ಸೆಕೆಂಡುಗಳನ್ನು ಅದೇ ವೇಗದಿಂದ ಗುಣಿಸಿದಾಗ ಗೆಳೆಯರಿಗೆ 15×10¹⁰ ಸಿಕ್ಕಿತು. ವೈಜ್ಞಾನಿಕ ರೂಪದಲ್ಲಿ ಬರೆಯುವಾಗ ಮೊದಲ ಸಂಖ್ಯೆ ಹತ್ತಕ್ಕಿಂತ ಕಡಿಮೆ ಇರಬೇಕೆಂದು ಮಾಸ್ತರರು ತಕರಾರು ತೆಗೆದರು.

"ಹದಿನೈದು ಎಂದರೆ 1.5×10, ಅದರಿಂದ ಆ ಒಂದು ಹತ್ತನ್ನು ಖರ್ಚು ಹಾಕಿ, ಘಾತದ ಖಾತೆಗೆ ಜಮಾ ಮಾಡಿರಿ, 1.5×10¹¹ ಮೀಟರ್ ಆಯಿತು," ಎಂದು ಬಿಡಿಸಿಕೊಟ್ಟವರು ಅಡತಿ ಅಂಗಡಿಯ ಸಾಹುಕಾರರು. ಬ್ಯಾಂಕಿನವರಿಗೆ ಜಮಾಖರ್ಚನ್ನು ಅಡತಿಯವರು ಕಲಿಸಬೇಕಾಗಿ ಬಂದದ್ದು ನನಗಂತೂ ಮಿರ್ಚಿಗಿಂತ ಹೆಚ್ಚು ರುಚಿಸಿತು.

ಅದೇ ಧೈರ್ಯದಲ್ಲಿ ಸಾಹುಕಾರರು ತೊಗರಿಗೆ ಬಂದರು. ಒಂದು ಕಾಳು ಸುಮಾರು 0.1 ಗ್ರಾಂ, ಅಂದರೆ 1×10⁻⁴ ಕಿಲೋ ತೂಗುವುದಾದರೆ, 8×10⁶ ಕಾಳುಗಳ ತೂಕವೆಷ್ಟು? ಘಾತಗಳನ್ನು ಕೂಡಿಸಬೇಕೆಂದು ಆಗಷ್ಟೇ ಪಾಠ ಕಲಿತಿದ್ದ ಗೆಳೆಯರು ಋಣ ಚಿಹ್ನೆಯನ್ನು ಗಮನಿಸದೆ 8×10¹⁰ ಕಿಲೋ ಎಂದರು.

"6ಕ್ಕೆ ಋಣ 4ನ್ನು ಕೂಡಿಸಿದರೆ 2, ಅದು 8×10² ಕಿಲೋ, ಬರೀ ಎಂಟು ಕ್ವಿಂಟಲ್," ಎಂದು ಮಾಸ್ತರರು ಹಣೆ ಚಚ್ಚಿಕೊಂಡರು. "ಇಡೀ ದೇಶದ ಒಂದು ವರ್ಷದ ತೊಗರಿಯೇ ಸುಮಾರು 35 ಲಕ್ಷ ಟನ್, ಅಂದರೆ 3.5×10⁹ ಕಿಲೋ. ನೀವು ಅದರ ಇಪ್ಪತ್ತು ಪಟ್ಟಿಗೂ ಮಿಗಿಲಾಗಿ ಬೆಳೆದುಬಿಟ್ಟಿರಲ್ಲ!"

ಸಾಹುಕಾರರು ಗಾಬರಿಯಿಂದ ಆ ಕಾಗದವನ್ನು ಮಡಚಿ ಜೇಬಿಗೆ ಸೇರಿಸಿ, "ಇದನ್ನು ಗಂಜ್ ಮಾರುಕಟ್ಟೆಯಲ್ಲಿ ಯಾರಿಗೂ ತೋರಿಸಬೇಡಿರಿ, ನಾಳೆಯೇ ದರ ಬಿದ್ದೀತು," ಎಂದರು.