ನಮ್ಮ ಲ್ಯಾಬ್ರಡಾರ್ ನಾಯಿ 41 ಕೆಜಿ ಆಗಿದ್ದಾಳೆ, ಒಂದು ಹೊತ್ತು ಊಟ ಬಿಡಿಸಲಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ, ನಾವು ಮೈಸೂರಿನವರು. ನಮ್ಮ ಚಿನ್ನುಗೆ ಆರು ವರ್ಷ, ಮರಿ ಆಗದ ಹಾಗೆ ಆಪರೇಷನ್ ಆಗಿದೆ. ಹೋದ ವಾರ ಇಂಜೆಕ್ಷನ್‌ಗೆ ಹೋದಾಗ ತೂಕ 41 ಕೆಜಿ ಬಂತು. ಮೆಟ್ಟಿಲು ಹತ್ತಿದರೆ ಏದುಸಿರು. ಬೆಳಿಗ್ಗೆ, ರಾತ್ರಿ ಒಂದೊಂದು ಬಟ್ಟಲು ಡ್ರೈ ಫುಡ್, ಮಧ್ಯಾಹ್ನ ಮೊಸರನ್ನ. ಸಂಜೆ ಕಾಫಿ ಹೊತ್ತಿಗೆ ನಮ್ಮ ಮಾವ ಆರು ಬಿಸ್ಕತ್ತು ಹಾಕುತ್ತಾರೆ, ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ರಾತ್ರಿ ಊಟ ನಿಲ್ಲಿಸಿಬಿಡಲಾ?

ಡಾಕ್ಟರ್: ಬೇಡಮ್ಮ, ಊಟ ಬಿಡಿಸಬೇಡಿ, ಅಳೆದು ಹಾಕಿ. ಅದಕ್ಕೂ ಮೊದಲು ಥೈರಾಯ್ಡ್ ರಕ್ತಪರೀಕ್ಷೆ ಒಂದು ಮಾಡಿಸಿ, ಕೆಲವು ನಾಯಿಗಳು ಅದರಿಂದಲೇ ದಪ್ಪ ಆಗುತ್ತವೆ. ಅದು ಸರಿ ಇದ್ದರೆ ಸದ್ಯಕ್ಕೆ 30 ಕೆಜಿ ಗುರಿ ಇಟ್ಟುಕೊಳ್ಳೋಣ. ಆ ತೂಕಕ್ಕೆ ದಿನಕ್ಕೆ ಸುಮಾರು 900 ಕ್ಯಾಲೊರಿಯಿಂದ ಶುರು ಮಾಡಬಹುದು. ಪ್ಯಾಕೆಟ್ ಹಿಂದೆ 100 ಗ್ರಾಂಗೆ ಎಷ್ಟು ಕ್ಯಾಲೊರಿ ಅಂತ ಇರುತ್ತದೆ, ಅದು 360 ಇದ್ದರೆ ಇಡೀ ದಿನಕ್ಕೆ 250 ಗ್ರಾಂ, ಅಷ್ಟೇ. ಬಟ್ಟಲಿನ ಲೆಕ್ಕ ನಂಬಬೇಡಿ, ಅಡುಗೆಮನೆಯ ಚಿಕ್ಕ ತಕ್ಕಡಿ ತನ್ನಿ. ಮೊಸರನ್ನ ನಿಲ್ಲಿಸಿ.

ಆರು ಗ್ಲೂಕೋಸ್ ಬಿಸ್ಕತ್ತು ಅಂದರೆ ಸುಮಾರು 150 ಕ್ಯಾಲೊರಿ. ಅವಳ ದಿನದ ಪಾಲಿನಲ್ಲಿ ಆರನೇ ಒಂದು ಭಾಗ ಅಲ್ಲೇ ಹೋಯಿತು! ಆದರೆ ದಯವಿಟ್ಟು ಮಾವನವರ ಕೈ ತಡೆಯಬೇಡಿ. ಆ 250 ಗ್ರಾಂನಲ್ಲೇ ಒಂದು ಹಿಡಿ ತೆಗೆದು ಅವರ ಡಬ್ಬಿಗೆ ಹಾಕಿಡಿ, ಕಾಫಿ ಹೊತ್ತಿಗೆ ಅವರೇ ಒಂದೊಂದು ಕಾಳು ಕೊಡಲಿ. ಅವಳಿಗೆ ಬೇಕಿರುವುದು ಅವರ ಪಕ್ಕ ಕೂತು ಅವರ ಕೈಯಿಂದ ತಿನ್ನುವುದು, ಅದು ಬಿಸ್ಕತ್ತೇ ಆಗಬೇಕು ಅಂತೇನಿಲ್ಲ.

ವಾರಕ್ಕೆ ಅರ್ಧ ಕೆಜಿ ಇಳಿದರೆ ಸಾಕು, ಐದಾರು ತಿಂಗಳು ಹಿಡಿಯುತ್ತದೆ. ಎರಡು ವಾರಕ್ಕೊಮ್ಮೆ ಕ್ಲಿನಿಕ್ಕಿಗೆ ಬಂದು ತೂಕ ನೋಡಿ. ಮನೆಯಲ್ಲಿ ಪಕ್ಕೆಲುಬು ಮುಟ್ಟಿ ನೋಡಿ: ಕೈ ಚಾಚಿ ಹಿಂಬದಿಯ ಗೆಣ್ಣು ಸವರಿದರೆ ಹೇಗೆ ಸಿಗುತ್ತದೋ ಹಾಗೆ ಸಿಗಬೇಕು, ಅಂಗೈ ಒತ್ತಿದ ಹಾಗಿದ್ದರೆ ಕೊಬ್ಬು ಜಾಸ್ತಿ ಅಂತ. ವಾಕಿಂಗ್ ಬೆಳಿಗ್ಗೆ ತಂಪು ಹೊತ್ತಿನಲ್ಲಿ, ಮೊದಲು ಹತ್ತೇ ನಿಮಿಷ. ಈಗಲೇ ಓಡಿಸಬೇಡಿ, ಕೀಲುಗಳಿಗೆ ಪೆಟ್ಟು.

ಪ್ರಶ್ನೆ: ಸರ್, ಅವಳು ತಟ್ಟೆ ನೆಕ್ಕಿ ಮುಗಿಸಿ ನನ್ನ ಮುಖಾನೇ ನೋಡುತ್ತಾಳೆ. ನಾಟಕ ಅಂತ ಸುಮ್ನೆ ಇರಬೇಕಾ?

ಡಾಕ್ಟರ್: ನಾಟಕ ಅಂತ ಬೈಯಬೇಡಿ, ನಿಜಕ್ಕೂ ಹಸಿವಿರಬಹುದು. ಕೇಂಬ್ರಿಡ್ಜ್ ಸಂಶೋಧಕರು 2016ರಲ್ಲಿ ತೋರಿಸಿದ್ದಾರೆ, ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರ್‌ಗೆ ಹೊಟ್ಟೆ ತುಂಬಿತು ಅಂತ ಮೆದುಳಿಗೆ ಹೇಳುವ ಜೀನಿನಲ್ಲೇ ದೋಷ ಇರುತ್ತದೆ. ಅದಕ್ಕೇ ಊಟವನ್ನು ಮೂರು ಸಲಕ್ಕೆ ಹಂಚಿ. ಉಪ್ಪಿಲ್ಲದೆ ಬೇಯಿಸಿದ ಹುರುಳಿಕಾಯಿ, ಸಿಹಿಗುಂಬಳ, ಹಸಿ ಸೌತೆಕಾಯಿ ಸ್ವಲ್ಪ ಬೆರೆಸಿ. ಈರುಳ್ಳಿ, ದ್ರಾಕ್ಷಿ ಮಾತ್ರ ಬೇಡವೇ ಬೇಡ, ನಾಯಿಗೆ ಅವು ವಿಷ. ಡ್ರೈ ಫುಡ್ಡನ್ನು ತಟ್ಟೆಯ ಬದಲು ನೆಲದ ಮೇಲೆ ಚೆಲ್ಲಿದರೆ ಮೂಸಿ ಹುಡುಕಿ ತಿನ್ನುತ್ತಾಳೆ, ನಿಧಾನ ಆಗುತ್ತದೆ.

ಮತ್ತೊಬ್ಬರು: ನಮ್ಮ ಬೆಕ್ಕು 7 ಕೆಜಿ ಇದೆ ಡಾಕ್ಟ್ರೇ. ಹೊಸ ಡಯೆಟ್ ಫುಡ್ ಮೂಸಿ ನೋಡಿ ಬಿಟ್ಟುಬಿಡುತ್ತದೆ. ಹಸಿದರೆ ತಾನೇ ತಿನ್ನುತ್ತದೆ ಅಲ್ವಾ?

ಡಾಕ್ಟರ್: ಹಾಗೆ ಮಾತ್ರ ಮಾಡಬೇಡಿ! ದಪ್ಪ ಬೆಕ್ಕು ಎರಡು ಮೂರು ದಿನ ಉಪವಾಸ ಇದ್ದರೆ ಮೈ ಕೊಬ್ಬೆಲ್ಲ ಲಿವರ್‌ಗೆ ಸೇರಿ ಜೀವಕ್ಕೇ ಅಪಾಯ. ಇವತ್ತೇ ಹಳೆಯ ಊಟ ವಾಪಸ್ ಕೊಡಿ. ಹೊಸದನ್ನು ಅದರಲ್ಲೇ ಚೂರು ಚೂರು ಬೆರೆಸುತ್ತಾ ಹತ್ತು ಹದಿನೈದು ದಿನದಲ್ಲಿ ಬದಲಿಸಿ. ಇಡೀ ಒಂದು ದಿನ ಏನೂ ಮುಟ್ಟದಿದ್ದರೆ ಕಾಯಬೇಡಿ, ಕರೆದುಕೊಂಡು ಬನ್ನಿ.