ಲೇಸ್ ಅಂಚಿನ ತುಂಡುಗಳ ನಡುವೆ ಬಿಳಿ ಗೆರೆ, ಸಹಾಯ ಬೇಕು

ಮದುವೆ ಕರೆಯೋಲೆಯ ವೆಬ್ ಪುಟಕ್ಕೆ ಲೇಸ್ ಅಂಚು ಹಾಕ್ತಿದ್ದೀನಿ. 120×120 ಪಿಕ್ಸೆಲ್‌ನ ಪಿಎನ್‌ಜಿ ಚಿತ್ರ. ಸಿಎಸ್‌ಎಸ್‌ನಲ್ಲಿ (ಪುಟದ ವಿನ್ಯಾಸ ಬರೆಯೋ ಭಾಷೆ) ಬಾರ್ಡರ್-ಇಮೇಜ್ ಸ್ಲೈಸ್, ಅಂದ್ರೆ ಚಿತ್ರವನ್ನ ಪ್ರತಿ ಬದಿಯಿಂದ ಎಷ್ಟು ಒಳಗೆ ಕತ್ತರಿಸಬೇಕು ಅನ್ನೋದು, 40 (ಅದರ ಮುಂದೆ ಪಿಕ್ಸೆಲ್ ಅನ್ನೋ 'ಪಿಎಕ್ಸ್' ಸೇರಿಸಿದ್ರೆ ಇಡೀ ಸಾಲೇ ಕೆಲಸ ಮಾಡಲ್ಲ), ಬಾರ್ಡರ್ ದಪ್ಪವೂ 40 ಪಿಕ್ಸೆಲ್. ಅಂಚಿನ ತುಂಡನ್ನ ಅದೇ ಅಳತೆಯಲ್ಲಿ ಸಾಲಾಗಿ ಜೋಡಿಸೋ 'ರಿಪೀಟ್' ಕೊಟ್ರೆ ಮೂಲೆ ಹೂವಿನ ಪಕ್ಕದ ಕುಣಿಕೆ ಅರ್ಧಕ್ಕೇ ಕತ್ತರಿಸಿ ಹೋಗತ್ತೆ, ನೋಡೋಕೆ ಹರಿದ ಸೆರಗಿನ ಥರ. ಪೂರ್ತಿ ತುಂಡುಗಳೇ ಕೂರೋ ಹಾಗೆ ಅಳತೆ ಹೊಂದಿಸೋ 'ರೌಂಡ್' ಕೊಟ್ರೆ ಕುಣಿಕೆ ಪೂರ್ತಿ ಬರತ್ತೆ, ಆದ್ರೆ 375 ಅಗಲದ ಫೋನಲ್ಲಿ ಮೂಲೆಗಳು ಕಳೆದು ಉಳಿಯೋ 295ರಲ್ಲಿ 7 ತುಂಡು ಕೂರಬೇಕು, ಒಂದೊಂದೂ ಸುಮಾರು 42.14. ಆ ದಶಾಂಶದಿಂದಲೇ ನಡುವೆ ಕೂದಲೆಳೆಯಷ್ಟು ಬಿಳಿ ಗೆರೆ.

ಅಗಲವನ್ನ ಸಿಎಸ್‌ಎಸ್‌ನ ರೌಂಡ್ ಫಂಕ್ಷನ್‌ನಿಂದ (ಮೇಲಿನ 'ರೌಂಡ್' ಅಲ್ಲ, ಬೇರೆ) 40ರ ಗುಣಕಕ್ಕೆ ಇಳಿಸಿದೆ, ಮೇಲೆ-ಕೆಳಗೆ ಸರಿಹೋಯ್ತು. ಎತ್ತರ ಮಾತ್ರ ಒಳಗಿನ ಬರಹ, ಫೋಟೋ ನೋಡ್ಕೊಂಡು ಬದಲಾಗತ್ತೆ, ಹಾಗಾಗಿ ಎಡ-ಬಲದ ಗೆರೆ ಹೋಗ್ತಿಲ್ಲ.

ಜಾವಾಸ್ಕ್ರಿಪ್ಟ್ ಇಲ್ಲದೆ ಎತ್ತರವನ್ನೂ 40ರ ಗುಣಕಕ್ಕೆ ಕೂರಿಸೋದು ಹೇಗೆ?