ಸಹಾಯ ಬೇಕು: ಬ್ರಿಜ್ ಜೋಡಿ ಸ್ಪರ್ಧೆಯ ಅಂಕಗಳನ್ನು ಎದುರಾಳಿಗಳ ಬಲಕ್ಕೆ ಹೊಂದಿಸುವ ಬಗ್ಗೆ

ಮಾನ್ಯರೇ, ನಮ್ಮ ಕ್ಲಬ್ಬಿನ ಬ್ರಿಜ್ (ಇಸ್ಪೀಟಿನ ಆಟ) ಜೋಡಿ ಸ್ಪರ್ಧೆಯನ್ನು 13 ಮೇಜುಗಳ ಮಿಚೆಲ್ ಪದ್ಧತಿಯಲ್ಲಿ ನಡೆಸುತ್ತೇವೆ; ಇದರಲ್ಲಿ ಉತ್ತರ-ದಕ್ಷಿಣದಲ್ಲಿ ಕೂತ ಜೋಡಿಗಳು ತಮ್ಮ ಮೇಜಿನಲ್ಲೇ ಉಳಿದು, ಪೂರ್ವ-ಪಶ್ಚಿಮದ ಜೋಡಿಗಳು ಪ್ರತಿ ಸುತ್ತಿಗೂ ಮೇಜು ಬದಲಿಸುತ್ತವೆ. ಆದರೆ ಸಮಯ ಸಾಲದೆ 9 ಸುತ್ತುಗಳಿಗೆ, ಅಂದರೆ ಸುತ್ತಿಗೆ ಮೂರರಂತೆ 27 ಬೋರ್ಡುಗಳಿಗೆ (ಬೋರ್ಡು ಎಂದರೆ ಎಲ್ಲ ಮೇಜುಗಳಲ್ಲೂ ಅದೇ ಎಲೆಗಳಿಂದ ಆಡುವ ಒಂದು ಹಂಚಿಕೆ), ನಿಲ್ಲಿಸುವುದರಿಂದ ಪ್ರತಿಯೊಂದು ಉತ್ತರ-ದಕ್ಷಿಣ ಜೋಡಿಗೂ ಪೂರ್ವ-ಪಶ್ಚಿಮದ ನಾಲ್ಕು ಜೋಡಿಗಳು ಎದುರಾಗುವುದೇ ಇಲ್ಲ. ತಪ್ಪಿಹೋದ ಆ ನಾಲ್ಕೂ ಬಲಿಷ್ಠ ಜೋಡಿಗಳಾಗಿದ್ದರೆ ಅಂಕ ಸುಲಭವಾಗಿ ಏರುತ್ತದೆ. ಇದು ಉಳಿದವರಿಗೆ ಅನ್ಯಾಯವೆಂದೇ ನನ್ನ ಭಾವನೆ.

ಎದುರಾಳಿಗಳ ಅಂಕಗಳ ಸರಾಸರಿ ಶೇಕಡಾ 50ಕ್ಕಿಂತ (ಅಂದರೆ ಮಧ್ಯಮ ಮಟ್ಟಕ್ಕಿಂತ) ಎಷ್ಟು ಹೆಚ್ಚೋ ಅಷ್ಟನ್ನು ಜೋಡಿಯ ಶೇಕಡಾ ಅಂಕಕ್ಕೆ ಕೂಡಿಸಿ, ಕಡಿಮೆಯಿದ್ದರೆ ಕಳೆದು, ಹೀಗೆ ಬಂದ ಹೊಸ ಅಂಕಗಳಿಂದ ಎದುರಾಳಿಗಳ ಸರಾಸರಿಯನ್ನು ಮತ್ತೆ ತೆಗೆದು, ಬದಲಾವಣೆ ನಿಲ್ಲುವವರೆಗೂ ಅದೇ ಲೆಕ್ಕವನ್ನು ಮುಂದುವರಿಸುತ್ತಿದ್ದೇನೆ. ನಮ್ಮಿಂದ ಸೋತ ಕಾರಣಕ್ಕೇ ಎದುರಾಳಿಯ ಅಂಕ ತಗ್ಗುವುದರಿಂದ, ನಮ್ಮೊಡನೆ ಆಡಿದ ಮೂರು ಬೋರ್ಡುಗಳನ್ನು ಆ ಸರಾಸರಿಯಿಂದ ಕೈಬಿಡಬೇಕೇ? ಕೇವಲ 27 ಬೋರ್ಡುಗಳ ಆಧಾರದ ಮೇಲೆ ಪೂರ್ತಿ ಹೊಂದಾಣಿಕೆ ಮಾಡುವುದು ಸರಿಯೇ, ಅರ್ಧದಷ್ಟು ಸಾಕೇ? ಬಲ್ಲವರು ದಯವಿಟ್ಟು ತಿಳಿಸಿ.